ಬೇಲೂರಿನ ಶಿಲ್ಪ, ತೋಟದ ಹಕ್ಕಿ, ಮಲೆನಾಡಿನ ಮಳೆ: ಆರಂಭಿಕ ಡಿಎಸ್‌ಎಲ್‌ಆರ್ ಸಾಕೋ, ಮೇಲಿನ ದರ್ಜೆಯದೇ ಬೇಕೋ?

ಕಾಫಿಹೂ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಮೊದಲ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ತಗೊಳ್ಳಬೇಕು. ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ ಮಾತ್ರ), ಲೆನ್ಸ್, ಬ್ಯಾಗು, ಕಾರ್ಡು ಎಲ್ಲಾ ಸೇರಿ 75 ಸಾವಿರ ದಾಟಬಾರದು. ಅರ್ಧ ಕೆಲಸ ಬೇಲೂರು, ಹಳೇಬೀಡಿನ ಶಿಲ್ಪಗಳು. ಇನ್ನರ್ಧ ತೋಟದ ಹಕ್ಕಿಗಳು ಮತ್ತು ಲಕ್ಕವಳ್ಳಿ ಕಡೆ ಭದ್ರಾ ಹಿನ್ನೀರಿನ ರಿವರ್ ಟರ್ನ್ ಎಂಬ ನೀರಹಕ್ಕಿಗಳು. ಮಳೆಗಾಲದಲ್ಲೂ ಕ್ಯಾಮೆರಾ ಹೊರಗೆ ಬರುತ್ತದೆ. ವಿಡಿಯೊ ಬೇಡ. ಕ್ಯಾನನ್ 1500ಡಿ, 200ಡಿ ಮಾರ್ಕ್ 2, ನಿಕಾನ್ ಡಿ3500, ಈ ಆರಂಭಿಕ ದರ್ಜೆಯವು ಒಂದು ಕಡೆ. ಕ್ಯಾನನ್ 90ಡಿ, ನಿಕಾನ್ ಡಿ7500, ಈ ಮೇಲಿನ ದರ್ಜೆಯವು ಇನ್ನೊಂದು ಕಡೆ. ಹೆಚ್ಚಿನ ದುಡ್ಡಿಗೆ ನಿಜವಾಗಿ ಏನು ಸಿಗುತ್ತದೆ? ಸೆಕೆಂಡ್ ಹ್ಯಾಂಡ್ ಆದರೂ ಆಗಬಹುದು.

ಬಳಪದಕಲ್ಲು, ಹಾಸನ

ದೇವಸ್ಥಾನದ ಅರ್ಧಕ್ಕೆ ನಾನು ಉತ್ತರ ಹೇಳುತ್ತೇನೆ. ಅದಕ್ಕೆ ಆರಂಭಿಕ ಬಾಡಿ ಸಾಕು.

ಬೇಲೂರಿನ ನವರಂಗ (ಗರ್ಭಗುಡಿಯ ಮುಂದಿನ ಮಂಟಪ) ಕತ್ತಲೆ. ಮೊದಲು ತೆರೆದಿದ್ದ ಮಂಟಪಕ್ಕೆ ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳನ್ನು (ಕಲ್ಲಿನ ಜಾಲರಿಗಳನ್ನು) ಕೂಡಿಸಿದ್ದರಿಂದ ಒಳಗೆ ಬರುವ ಬೆಳಕು ಸೋಸಿ ಬರುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ, ಐಎಸ್‌ಒ ಏರಿಸಿದಷ್ಟೂ ಕ್ಯಾಮೆರಾ ಕಡಿಮೆ ಬೆಳಕಿಗೂ ಸ್ಪಂದಿಸುತ್ತದೆ. ಅಲ್ಲಿ 50 ಎಂಎಂ ಎಫ್ 1.8 ಲೆನ್ಸ್‌ನಲ್ಲಿ ಐಎಸ್‌ಒ 1600ಕ್ಕೆ ಬರುವ ಚಿತ್ರವನ್ನು ಅದೇ ಶಟರ್ ವೇಗದಲ್ಲಿ ಬಾಡಿಯ ಜೊತೆ ಬರುವ ಕಿಟ್ ಲೆನ್ಸ್‌ನ ಎಫ್ 5.6ರಲ್ಲಿ ತೆಗೆಯಬೇಕಾದರೆ ಸುಮಾರು ಹತ್ತು ಪಟ್ಟು, ಅಂದರೆ ಐಎಸ್‌ಒ 16000 ಬೇಕು. 1500ಡಿಯ ಮಾಮೂಲಿ ಮಿತಿ 6400, ಹಿಗ್ಗಿಸಿದರೆ 12800. ಈ ಕೊರತೆ ನೀಗುವುದು ಲೆನ್ಸ್‌ನಿಂದ. ದುಬಾರಿ ಬಾಡಿಗೆ ಅದೇ ಕಿಟ್ ಲೆನ್ಸ್ ಹಾಕಿದರೆ ಬೆಳಕೇನೂ ಹೆಚ್ಚಾಗುವುದಿಲ್ಲ.

ಇನ್ನೊಂದು, ಕಲ್ಲು ಅಲ್ಲಾಡುವುದಿಲ್ಲ. ಲೆನ್ಸ್‌ನಲ್ಲಿ ಸ್ಟೆಬಿಲೈಜರ್ (ಕೈ ನಡುಕ ತಡೆಯುವ ವ್ಯವಸ್ಥೆ) ಇದ್ದರೆ 18 ಎಂಎಂನಲ್ಲಿ ಕಂಬಕ್ಕೆ ಒರಗಿ, ಉಸಿರು ಬಿಗಿಹಿಡಿದು 1/8 ಸೆಕೆಂಡಿನಲ್ಲೂ ಚೂಪಾದ ಚಿತ್ರ ತೆಗೆಯಬಹುದು. ಮೂರು ಕ್ಲಿಕ್ ಒಟ್ಟಿಗೆ ಹೊಡೆಯಿರಿ, ನಡುವಿನದು ಸಾಮಾನ್ಯವಾಗಿ ಸರಿ ಬರುತ್ತದೆ. ಬೆರಳು ಒತ್ತುವಾಗಿನ ಅಲುಗಾಟ ಮೊದಲನೆಯದಕ್ಕೂ ಬಿಡುವಾಗಿನದು ಕೊನೆಯದಕ್ಕೂ ಹೋಗುತ್ತದೆ. ಟ್ರೈಪಾಡ್ ನಂಬಿಕೊಂಡು ಹೋಗಬೇಡಿ. ಇವು ಪುರಾತತ್ವ ಇಲಾಖೆಯ ಸ್ಮಾರಕಗಳು, ಅನುಮತಿ ಮೊದಲೇ ಕೇಳಿಕೊಳ್ಳಬೇಕು.

ಹೊರಗಿನ ಗೋಡೆಗೆ ಬೆಳಕಿನ ಹೊತ್ತು ಮುಖ್ಯ. ಹಳೇಬೀಡಿನ ಪಶ್ಚಿಮದ ಗೋಡೆಗೆ ಮಧ್ಯಾಹ್ನ ಮೂರರ ನಂತರ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗಲೇ ಕೆಳಸಾಲಿನ ಆನೆಗಳ ಸೊಂಡಿಲು ಕಲ್ಲಿನಿಂದ ಎದ್ದು ಬಂದಂತೆ ಕಾಣುವುದು. ಬಳಪದ ಕಲ್ಲು ಕಪ್ಪು ಬೂದು ಬಣ್ಣದ್ದು. ಫ್ರೇಮ್ ತುಂಬಾ ಅದೇ ಇದ್ದರೆ ಕ್ಯಾಮೆರಾ ಅದನ್ನು ಬೆಳ್ಳಗೆ ಮಾಡಿಬಿಡುತ್ತದೆ, ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) −0.7 ಇಡಿ. ಬೇಲೂರಿನ ಸೂರಿನಡಿಯ ಮದನಿಕೆಯರದು ಇದಕ್ಕೆ ತದ್ವಿರುದ್ಧ. ಹೊರಗಿನ 38 ಶಿಲ್ಪಗಳೂ ಎತ್ತರದಲ್ಲಿ, ನೆರಳಿನಲ್ಲಿ, ಹಿಂದೆ ಬಿಳಿ ಆಕಾಶ ಇಟ್ಟುಕೊಂಡು ನಿಂತಿವೆ. ಅಲ್ಲಿ +1ರಿಂದ +1.7, ಲೆನ್ಸ್ 100ರಿಂದ 200 ಎಂಎಂ. ಬುಡದಲ್ಲಿ ನಿಂತು ಕತ್ತೆತ್ತಿ ತೆಗೆದರೆ ಗಲ್ಲ, ಮೂಗಿನ ಹೊಳ್ಳೆ ಮಾತ್ರ ಬರುತ್ತದೆ. ದೂರ ಸರಿದು ಉದ್ದ ಲೆನ್ಸ್‌ನಲ್ಲಿ ತೆಗೆಯಿರಿ.

ಮಂಗಟ್ಟೆ, ಸಕಲೇಶಪುರ

ಬಳಪದಕಲ್ಲು ಸರ್ ಹೇಳಿದ್ದು ಕಲ್ಲಿಗೆ ಸರಿ. ಹಕ್ಕಿಗೆ ಆ ಲೆಕ್ಕ ಹಿಡಿಯುವುದಿಲ್ಲ, ಏಕೆಂದರೆ ಸ್ಟೆಬಿಲೈಜರ್ ನಿಮ್ಮ ಕೈಯನ್ನು ನಿಲ್ಲಿಸುತ್ತದೆಯೇ ಹೊರತು ಹಕ್ಕಿಯನ್ನಲ್ಲ.

ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಡಿ3500 24 ಮೆಗಾಪಿಕ್ಸೆಲ್, ಡಿ7500 ಸುಮಾರು 21. ಒಂದೇ ಲೆನ್ಸ್, ಒಂದೇ ಸೆಟ್ಟಿಂಗ್‌ನಲ್ಲಿ ಕೂತ ಹಕ್ಕಿಯನ್ನು ತೆಗೆದು ಎ4 ಅಳತೆಗೆ ಪ್ರಿಂಟ್ ಹಾಕಿದರೆ ಯಾವುದು ಯಾವುದರದ್ದೆಂದು ಹೇಳುವುದು ಕಷ್ಟ. ಹೆಚ್ಚಿನ ದುಡ್ಡು ಹೋಗುವುದು ಹಕ್ಕಿಯನ್ನು ಹಿಡಿಯುವ ಯಂತ್ರಕ್ಕೆ.

ಮೊದಲನೆಯದು ಫೋಕಸ್. 1500ಡಿಯಲ್ಲಿ 9 ಫೋಕಸ್ ಪಾಯಿಂಟ್, ಅದರಲ್ಲಿ ನಡುವಿನದೊಂದೇ ಕ್ರಾಸ್ ಮಾದರಿಯದು. 200ಡಿ ಮಾರ್ಕ್ 2ರಲ್ಲೂ ಅಷ್ಟೇ. ಡಿ3500ರಲ್ಲಿ 11. ಡಿ7500ರಲ್ಲಿ 51, ಅದರಲ್ಲಿ 15 ಕ್ರಾಸ್. 90ಡಿಯಲ್ಲಿ 45, ಎಲ್ಲವೂ ಕ್ರಾಸ್. ಕ್ರಾಸ್ ಪಾಯಿಂಟ್ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಓದುತ್ತದೆ. ಉಳಿದವು ಒಂದೇ ದಿಕ್ಕಿನದನ್ನು ಓದುವುದರಿಂದ ಸಿಲ್ವರ್ ಓಕ್ ಕಾಂಡದ ಪಕ್ಕದ ಮಂಕು ಬೆಳಕಿನಲ್ಲಿ ಹಿಂದೆ ಮುಂದೆ ಹುಡುಕಾಡುತ್ತವೆ. ಅಷ್ಟರಲ್ಲಿ ಹಕ್ಕಿ ಹಾರಿರುತ್ತದೆ.

ಎರಡನೆಯದು ವೇಗ ಮತ್ತು ಬಫರ್. 1500ಡಿ ಸೆಕೆಂಡಿಗೆ 3 ಚಿತ್ರ, ಡಿ3500 ಮತ್ತು 200ಡಿ ಮಾರ್ಕ್ 2 ಸೆಕೆಂಡಿಗೆ 5, ಡಿ7500 8, 90ಡಿ 10. ಬಫರ್ (ಕಾರ್ಡಿಗೆ ಬರೆಯುವ ಮುಂಚೆ ಚಿತ್ರ ಹಿಡಿದಿಡುವ ಒಳಗಿನ ಜಾಗ) ಅದಕ್ಕಿಂತ ಮುಖ್ಯ. ರಾ (ಸಂಸ್ಕರಿಸದ ಮೂಲ) ಫೈಲಿನಲ್ಲಿ 1500ಡಿ 11 ಚಿತ್ರಕ್ಕೆ ನಿಧಾನವಾಗುತ್ತದೆ. ಡಿ7500 50ರವರೆಗೆ ಎಳೆಯುತ್ತದೆ. ಟರ್ನ್ ನೀರಿಗೆ ಧುಮುಕಿ ಮೀನು ಕಚ್ಚಿ ಏಳುವುದಕ್ಕೆ ಎರಡು ಮೂರು ಸೆಕೆಂಡು. ಸೆಕೆಂಡಿಗೆ 3ರಂತೆ ನಿಮಗೆ ಏಳೆಂಟು ಚಿತ್ರ, 8ರಂತೆ ಇಪ್ಪತ್ತರ ಮೇಲೆ. ಕೊಕ್ಕು ನೀರು ಮುಟ್ಟುವ ಕ್ಷಣ ಯಾವುದರಲ್ಲಿ ಸಿಗುವ ಸಾಧ್ಯತೆ ಹೆಚ್ಚು, ನೀವೇ ನೋಡಿ.

ಮೂರನೆಯದು ವ್ಯೂಫೈಂಡರ್, ಕಣ್ಣಿಟ್ಟು ನೋಡುವ ಕಿಂಡಿ. ಆರಂಭಿಕ ಬಾಡಿಗಳಲ್ಲಿ ಕನ್ನಡಿಗಳ ಜೋಡಣೆ, ಮೇಲಿನವುಗಳಲ್ಲಿ ಗಾಜಿನ ಪೆಂಟಾಪ್ರಿಸಂ. ಪ್ರಿಸಂ ದೊಡ್ಡದಾಗಿ, ಬೆಳಕಾಗಿ ಕಾಣುತ್ತದೆ. ಆರಂಭಿಕದವು ಚೌಕಟ್ಟಿನ 95% ಮಾತ್ರ ತೋರಿಸುತ್ತವೆ. ಕಣ್ಣಿಗೆ ಕಾಣದ ಕೊಂಬೆಯೊಂದು ಚಿತ್ರದ ಅಂಚಿಗೆ ಬರುವುದು ಇದರಿಂದಲೇ.

ನಾಲ್ಕನೆಯದು ಡಯಲ್. ಮೇಲಿನ ದರ್ಜೆಯಲ್ಲಿ ಎರಡಿರುತ್ತವೆ. ಒಂದರಲ್ಲಿ ಶಟರ್, ಇನ್ನೊಂದರಲ್ಲಿ ಅಪರ್ಚರ್ (ಎಫ್ ಸಂಖ್ಯೆ), ಕಣ್ಣು ತೆಗೆಯದೆಯೇ. ಆರಂಭಿಕದಲ್ಲಿ ಒಂದೇ ಡಯಲ್. ಮ್ಯಾನುಯಲ್‌ನಲ್ಲಿ ಅಪರ್ಚರ್ ಬದಲಿಸಲು ಇನ್ನೊಂದು ಬಟನ್ ಒತ್ತಿಹಿಡಿದು ತಿರುಗಿಸಬೇಕು. ಕಲ್ಲಿನ ಮುಂದೆ ಇದು ತೊಂದರೆಯಲ್ಲ. ನೆರಳಿನಿಂದ ಬಿಸಿಲಿಗೆ ಹಾರುವ ಮಂಗಟ್ಟೆಯ ಮುಂದೆ ತೊಂದರೆ.

ಕಾಫಿಹೂ, ಚಿಕ್ಕಮಗಳೂರು

ಹಾಗಾದರೆ ನನ್ನ ಎರಡು ಕೆಲಸಕ್ಕೆ ಎರಡು ಉತ್ತರ ಆಯಿತಲ್ಲ ಸರ್. 75 ಸಾವಿರಕ್ಕೆ ಹೊಸ ಡಿ7500 ತಗೊಂಡರೆ ಲೆನ್ಸ್‌ಗೆ ಏನೂ ಉಳಿಯುವುದಿಲ್ಲ.

ಸ್ಕ್ರೂಡ್ರೈವರ್, ಹಾಸನ

ಅದಕ್ಕೇ ಸೆಕೆಂಡ್ ಹ್ಯಾಂಡ್ ನೋಡಿ ಅಂತ ಹೇಳೋದು. ಅದಕ್ಕೆ ಮುಂಚೆ ಅಂಗಡಿಯವರು ಹೇಳದ ಕೆಲವು ಕೊರತೆಗಳನ್ನು ತಿಳಿದುಕೊಳ್ಳಿ.

ನಿಕಾನ್ ಡಿ3500, ಡಿ5600 ಬಾಡಿಯೊಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗವಾಗಿ ಸಿಗುತ್ತದೆಂದು ನಿಕಾನ್ 50 ಎಂಎಂ ಎಫ್ 1.8ಡಿ ತಂದು ಹಾಕಿದರೆ ಆಟೋಫೋಕಸ್ ಆಗುವುದಿಲ್ಲ. ಅವಕ್ಕೆ ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದ ಲೆನ್ಸೇ ಬೇಕು. ಡಿ7500ರಲ್ಲೂ ಅದರ ಹಿಂದಿನ ಡಿ7200ರಲ್ಲೂ ಮೋಟರ್ ಇದೆ. ಕ್ಯಾನನ್ನಲ್ಲಿ ಈ ತಾಪತ್ರಯವೇ ಇಲ್ಲ, ಇಎಫ್ ಲೆನ್ಸ್‌ಗಳೊಳಗೇ ಮೋಟರ್ ಇರುತ್ತದೆ.

ಡಿ3500ರಲ್ಲಿ ಎಕ್ಸ್‌ಪೋಶರ್ ಬ್ರಾಕೆಟಿಂಗ್ ಇಲ್ಲ. ಕತ್ತಲೆ ಮಂಟಪ, ಹೊರಗೆ ಸುಡುಬಿಸಿಲು ಎರಡನ್ನೂ ಒಂದೇ ಚಿತ್ರದಲ್ಲಿ ತರಲು ಮೂರು ಎಕ್ಸ್‌ಪೋಶರ್ ತೆಗೆದು ಸೇರಿಸುವವರಿಗೆ ಇದು ದೊಡ್ಡ ಕೊರತೆ. 1500ಡಿಯಲ್ಲಿ ಮೂರು ಚಿತ್ರದ ಬ್ರಾಕೆಟಿಂಗ್ ಇದೆ, ಡಿ7500ರಲ್ಲಿ 9ರವರೆಗೆ.

1500ಡಿ, ಡಿ3500 ಎರಡರಲ್ಲೂ ಸೆನ್ಸರನ್ನು ತಾನೇ ಕೊಡವಿ ಧೂಳು ಬೀಳಿಸುವ ವ್ಯವಸ್ಥೆ ಇಲ್ಲ. ಬೇಸಿಗೆಯಲ್ಲಿ ಕೆಮ್ಮಣ್ಣಿನ ರಸ್ತೆಯ ಪಕ್ಕ ಲೆನ್ಸ್ ಬದಲಿಸಿದರೆ ಆಕಾಶದಲ್ಲಿ ಚುಕ್ಕೆ ಬರುವುದು ಖಂಡಿತ. ಬಾಡಿಯನ್ನು ಕೆಳಮುಖ ಹಿಡಿದು ರಬ್ಬರ್ ಬ್ಲೋಯರ್‌ನಿಂದ ಊದಿ. ಬಾಯಿಂದ ಊದಬೇಡಿ, ಎಂಜಲಿನ ಹನಿ ಗಾಜಿಗೆ ಅಂಟಿದರೆ ಆಮೇಲೆ ಒದ್ದೆ ಸ್ವಾಬ್ ಹಾಕಿಯೇ ತೆಗೆಯಬೇಕಾಗುತ್ತದೆ.

200ಡಿ ಮಾರ್ಕ್ 2ರ ಹಾಟ್ ಶೂನಲ್ಲಿ (ಮೇಲೆ ಫ್ಲಾಶ್ ಕೂರಿಸುವ ಜಾಗ) ನಡುವಿನ ಕಾಂಟ್ಯಾಕ್ಟ್ ಇಲ್ಲ. ಒಂದೇ ಪಿನ್ನಿನ ಹಳೆಯ ಮ್ಯಾನುಯಲ್ ಫ್ಲಾಶ್, ಅಗ್ಗದ ಟ್ರಿಗರ್ ಬೆಳಗುವುದಿಲ್ಲ. ಕ್ಯಾನನ್ ಟಿಟಿಎಲ್ (ಲೆನ್ಸ್ ಮೂಲಕ ಬೆಳಕು ಅಳೆಯುವ) ಪಿನ್ ಇರುವ ಫ್ಲಾಶ್ ನಡೆಯುತ್ತದೆ.

ಇನ್ನು ಫೋಕಸ್ ಫೈನ್ ಟ್ಯೂನ್. ನನ್ನ ಮಟ್ಟಿಗೆ ಎರಡು ದರ್ಜೆಗಳ ನಡುವಿನ ದೊಡ್ಡ ವ್ಯತ್ಯಾಸ ಇದೇ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವುದು ಕನ್ನಡಿಯ ಕೆಳಗಿನ ಬೇರೆ ಮಾಡ್ಯೂಲು, ಚಿತ್ರ ಬೀಳುವುದು ಸೆನ್ಸರ್ ಮೇಲೆ. ಇವೆರಡರ ದೂರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಎಫ್ 1.8ರಲ್ಲಿ ಮೂರ್ತಿಯ ಕಣ್ಣಿನ ಬದಲು ಕಿವಿಯ ಓಲೆ ಚೂಪಾಗುತ್ತದೆ. 90ಡಿ, ಅದರ ಹಿಂದಿನ 80ಡಿ, ಡಿ7200, ಡಿ7500ರಲ್ಲಿ ಪ್ರತಿ ಲೆನ್ಸಿಗೂ ಇದನ್ನು ಮೆನುವಿನಲ್ಲೇ ಸರಿಪಡಿಸಬಹುದು. 1500ಡಿ, 200ಡಿ ಮಾರ್ಕ್ 2, ಡಿ3500, ಡಿ5600ರಲ್ಲಿ ಆಗುವುದಿಲ್ಲ. ಬಾಡಿ, ಲೆನ್ಸ್ ಎರಡನ್ನೂ ಸರ್ವಿಸ್‌ಗೆ ಕೊಡಬೇಕು, ಇಲ್ಲವೇ ಲೈವ್ ವ್ಯೂನಲ್ಲೇ (ಹಿಂದಿನ ಪರದೆ ನೋಡಿಕೊಂಡು) ತೆಗೆಯಬೇಕು.

ಬಳಪದಕಲ್ಲು, ಹಾಸನ

ಫೈನ್ ಟ್ಯೂನ್ ವಿಷಯ ಒಪ್ಪಿದೆ. ಆದರೆ ಲೈವ್ ವ್ಯೂ ಅಂದರೆ ಕೀಳಾದ ದಾರಿ ಅನ್ನುವ ಹಾಗೆ ಬರೆದಿದ್ದೀರಿ, ಅದನ್ನು ಒಪ್ಪಲಾರೆ. ಶಿಲ್ಪಕ್ಕೆ ಅದೇ ಸರಿಯಾದ ದಾರಿ. 200ಡಿ ಮಾರ್ಕ್ 2ರ ಡ್ಯುಯಲ್ ಪಿಕ್ಸೆಲ್ ವ್ಯವಸ್ಥೆ ಸೆನ್ಸರಿನ ಮೇಲೇ ಫೋಕಸ್ ಅಳೆಯುವುದರಿಂದ ಮುಂದೆ ಹಿಂದೆ ಆಗುವ ಮಾತೇ ಇಲ್ಲ. ಪರದೆ ಹೊರಕ್ಕೆ ತಿರುಗುತ್ತದೆ, ಕೆಳಪಟ್ಟಿಕೆಯ ಆನೆ ಸಾಲಿಗೆ ನೆಲಕ್ಕೆ ಮಲಗಬೇಕಿಲ್ಲ. ಬರೀ ಶಿಲ್ಪದ ಕೆಲಸ ಇರುವವರಿಗೆ ನಾನು ಅದನ್ನೇ ಹೇಳುವುದು. ತೂಕವೂ 449 ಗ್ರಾಂ. 90ಡಿ 701 ಗ್ರಾಂ. ಮುಳ್ಳಯ್ಯನಗಿರಿ ಹತ್ತುವಾಗ ಈ ಕಾಲು ಕೆಜಿ ಲೆಕ್ಕಕ್ಕೆ ಬರುತ್ತದೆ.

ಮಂಗಟ್ಟೆ, ಸಕಲೇಶಪುರ

ಬರೀ ಶಿಲ್ಪ ಆದರೆ ನಾನೂ ಅದನ್ನೇ ಹೇಳುತ್ತೇನೆ. ಕೇಳಿದವರಿಗೆ ಹಕ್ಕಿ ಅರ್ಧ ಇದೆ. ಕೆಳಗಿನ ದರ್ಜೆಯ ಬಾಡಿಯಲ್ಲಿ ಹಕ್ಕಿ ತಪ್ಪುತ್ತದೆ. ಮೇಲಿನ ದರ್ಜೆಯ ಬಾಡಿಯಲ್ಲಿ ಶಿಲ್ಪ ತಪ್ಪುವುದಿಲ್ಲ.

ಮುಂಗಾರು, ಮೂಡಿಗೆರೆ

ಯಾರೂ ಮಳೆಯ ವಿಷಯ ಎತ್ತಲಿಲ್ಲ. ನಮ್ಮ ಕಡೆ ಕ್ಯಾಮೆರಾ ಹಾಳಾಗುವುದು ಬಳಸಿ ಅಲ್ಲ, ಇಟ್ಟಲ್ಲೇ.

ಸೀಲ್ ಇರುವ ಬಾಡಿ ಅಂದರೆ ತುಂತುರು ತಡೆಯುತ್ತದೆ ಅಂತ ಅಷ್ಟೇ. 90ಡಿ, ಡಿ7200, ಡಿ7500ರ ಜೋಡಣೆಗಳಲ್ಲಿ ಸೀಲ್ ಇದೆ, ಆರಂಭಿಕ ಬಾಡಿಗಳಲ್ಲಿ ಇಲ್ಲ. ಆದರೆ ಲೆನ್ಸ್ ಬುಡದಲ್ಲಿ ರಬ್ಬರ್ ಉಂಗುರ ಇಲ್ಲದಿದ್ದರೆ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. 18-55 ಕಿಟ್ ಲೆನ್ಸ್‌ಗಳಲ್ಲಿ ಆ ಉಂಗುರ ಇರುವುದಿಲ್ಲ. ಹಾಗಾಗಿ ಯಾವ ಬಾಡಿ ಆದರೂ ಕವರ್ ಬೇಕು. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಲೆನ್ಸ್ ಹುಡ್ಡಿನಷ್ಟು ತೂತು ಮಾಡಿ, ಹುಡ್ ಮೇಲೆ ರಬ್ಬರ್ ಬ್ಯಾಂಡ್ ಬಿಗಿದರೆ ಸಾಕು. ಹುಡ್ ಮುಂಗಾಜಿಗೆ ಹನಿ ಬೀಳದಂತೆ ನೋಡಿಕೊಳ್ಳುತ್ತದೆ.

ನೆನೆದರೆ ಲೆನ್ಸ್ ತಕ್ಷಣ ಬಿಚ್ಚಬೇಡಿ. ಮೊದಲು ಹೊರಗೆ ಒರೆಸಿ, ಬ್ಯಾಟರಿ, ಕಾರ್ಡು ತೆಗೆದು, ಸಿಲಿಕಾ ಜೆಲ್ ಇರುವ ಡಬ್ಬದಲ್ಲಿ ಒಂದೆರಡು ದಿನ ಮುಚ್ಚಿಡಿ. ಅಕ್ಕಿ ಡಬ್ಬ ಬೇಡ, ಧೂಳು ಪಿಷ್ಟ ಒಳಗೆ ಸೇರುತ್ತದೆ. ಎಸಿ ಹಾಕಿದ ಕಾರಿನಿಂದ ಇಳಿಯುವಾಗ ಗಾಜು ಮಂಜುಗಟ್ಟುತ್ತದೆ. ಇಳಿಯುವ ಹತ್ತು ಹದಿನೈದು ನಿಮಿಷ ಮುಂಚೆ ಎಸಿ ನಿಲ್ಲಿಸಿ, ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ.

ಫಂಗಸ್ ನಿಜವಾದ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾವನ್ನು ಬ್ಯಾಗಿನಲ್ಲಾಗಲಿ, ಚರ್ಮದ ಕೇಸಿನಲ್ಲಾಗಲಿ, ಮರದ ಬೀರುವಿನಲ್ಲಾಗಲಿ ಇಡಬೇಡಿ, ಮೂರೂ ತೇವ ಹಿಡಿಯುತ್ತವೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಒಳಗೆ 250 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ಹೈಗ್ರೋಮೀಟರ್. ತೇವಾಂಶ 40ರಿಂದ 50%ರೊಳಗೆ ಇರಲಿ. 30ರ ಕೆಳಗೆ ತೀರಾ ಒಣಗಿಸುವುದೂ ರಬ್ಬರಿಗೆ, ಗ್ರೀಸಿಗೆ ಒಳ್ಳೆಯದಲ್ಲ. ನೀಲಿ ಜೆಲ್‌ಗೆ ಕೋಬಾಲ್ಟ್ ಹಾಕಿರುತ್ತಾರೆ, ಅದು ವಿಷ, ಕಿತ್ತಳೆ ಬಣ್ಣದ್ದನ್ನು ಕೊಳ್ಳಿ. ಬಣ್ಣ ಬದಲಾದಾಗ ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿ, ಆರಿದ ಮೇಲೆ ಮತ್ತೆ ಹಾಕಬಹುದು. ಈ ಡಬ್ಬಕ್ಕೆ ಬೇಕಾದ ದುಡ್ಡನ್ನು ಬಾಡಿಗೆ ಮುಂಚೆ ಎತ್ತಿಡಿ.

ಕಾಫಿಹೂ, ಚಿಕ್ಕಮಗಳೂರು

ತುಂಬಾ ಉಪಕಾರ ಆಯಿತು. ಸೆಕೆಂಡ್ ಹ್ಯಾಂಡ್ ಡಿ7200 ಅಥವಾ 80ಡಿ ಕಡೆ ಮನಸ್ಸು ವಾಲಿದೆ. ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು, ಸ್ಕ್ರೂಡ್ರೈವರ್ ಸರ್?

ಸ್ಕ್ರೂಡ್ರೈವರ್, ಹಾಸನ

ಎರಡೂ ಒಳ್ಳೆಯವೇ. ಡಿ7200 2015ರದ್ದು, 24 ಮೆಗಾಪಿಕ್ಸೆಲ್, 51 ಪಾಯಿಂಟ್, ಸೆಕೆಂಡಿಗೆ 6, ಎರಡು ಕಾರ್ಡ್ ಸ್ಲಾಟ್. 80ಡಿ 2016ರದ್ದು, 24 ಮೆಗಾಪಿಕ್ಸೆಲ್, 45 ಪಾಯಿಂಟ್, ಸೆಕೆಂಡಿಗೆ 7, ತಿರುಗುವ ಪರದೆ, ಡ್ಯುಯಲ್ ಪಿಕ್ಸೆಲ್. ನಿಮ್ಮ ಶಿಲ್ಪದ ಕೆಲಸಕ್ಕೆ ಬಳಪದಕಲ್ಲು ಹೇಳಿದ ಅನುಕೂಲ 80ಡಿಯಲ್ಲೂ ಸಿಗುತ್ತದೆ.

ಹೋಗುವ ಮುಂಚೆಯೇ ಕ್ಯಾಮೆರಾದಿಂದ ನೇರ ತೆಗೆದ, ತಿದ್ದದ ಒಂದು ಜೆಪೆಗ್ ಕಳಿಸಲು ಹೇಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಒಳಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಬೇಕು. ನಿಕಾನ್ ಫೈಲಿನಲ್ಲಿ ಶಟರ್ ಎಣಿಕೆ ಇರುತ್ತದೆ. ಕ್ಯಾನನ್ನಲ್ಲಿ ಹೆಚ್ಚಿನ ಮಾದರಿಗಳು ಅದನ್ನು ಫೈಲಿಗೆ ಬರೆಯುವುದಿಲ್ಲ, ಕೇಬಲ್ ಹಾಕಿ ಸಾಫ್ಟ್‌ವೇರ್‌ನಲ್ಲಿ ಓದಬೇಕು. ಡಿ7200ರ ಶಟರ್ ಒಂದೂವರೆ ಲಕ್ಷಕ್ಕೆ, 80ಡಿಯದು ಒಂದು ಲಕ್ಷಕ್ಕೆ ಪರೀಕ್ಷೆ ಆದದ್ದು. ಅದರ ಅರ್ಧಕ್ಕಿಂತ ಕಡಿಮೆ ಓಡಿದ್ದರೆ ನೆಮ್ಮದಿ.

ಕೈಗೆ ಸಿಕ್ಕ ಮೇಲೆ ಮೊದಲು ಹೊರಗೆ ನೋಡಿ. ಸ್ಕ್ರೂ ತಲೆಗಳು ಸವೆದಿದ್ದರೆ ಬಿಚ್ಚಿದ್ದಾರೆ ಅಂತ ಅರ್ಥ. ಬ್ಯಾಟರಿ ಗೂಡಿನ ಕಾಂಟ್ಯಾಕ್ಟ್ ಹಸಿರುಗಟ್ಟಿದ್ದರೆ ನೀರು ಕಂಡಿದೆ, ಅಲ್ಲಿಗೇ ಬಿಟ್ಟು ಬನ್ನಿ. ಆಮೇಲೆ ಎಫ್ 16ಕ್ಕೆ ಇಟ್ಟು, ಫೋಕಸ್ ಮ್ಯಾನುಯಲ್ ಮಾಡಿ, ಮಸುಕಾಗಿಸಿ ಬಿಳಿ ಗೋಡೆಯನ್ನು ತೆಗೆಯಿರಿ. ಚುಕ್ಕೆಗಳು ಧೂಳು, ಅದು ಹೋಗುತ್ತದೆ. ಗೆರೆ ಇದ್ದರೆ ಗೀರು, ಹೋಗುವುದಿಲ್ಲ. 1/8000ರಲ್ಲಿ ಬೆಳಕಿನ ಆಕಾಶ ತೆಗೆಯಿರಿ. ಒಂದು ಅಂಚು ಕಪ್ಪಾಗಿದ್ದರೆ ಶಟರ್ ಪರದೆ ಸೋತಿದೆ. ಲೆನ್ಸ್ ಮುಚ್ಚಳ ಹಾಕಿ 30 ಸೆಕೆಂಡ್ ಎಕ್ಸ್‌ಪೋಶರ್ ಕೊಡಿ. ನಾಲ್ಕಾರು ಬಣ್ಣದ ಚುಕ್ಕೆ ಸಹಜ, ಎರಚಿದ ಹಾಗಿದ್ದರೆ ಬೇಡ.

ಫೋಕಸ್ ಪರೀಕ್ಷೆಗೆ ದಿನಪತ್ರಿಕೆಯನ್ನು 45 ಡಿಗ್ರಿ ಓರೆಯಾಗಿ ಇಟ್ಟು, ಕ್ಯಾಮೆರಾವನ್ನು ಮೇಜಿನ ಮೇಲೆ ಗಟ್ಟಿಯಾಗಿ ಕೂರಿಸಿ, ಅತಿ ಅಗಲದ ಅಪರ್ಚರಿನಲ್ಲಿ ಒಂದು ಸಾಲಿಗೆ ವ್ಯೂಫೈಂಡರ್‌ನಲ್ಲಿ ಫೋಕಸ್ ಮಾಡಿ ತೆಗೆಯಿರಿ. ಅದೇ ಸಾಲನ್ನು ಲೈವ್ ವ್ಯೂನಲ್ಲೂ ತೆಗೆಯಿರಿ. ಎರಡೂ ಒಂದೇ ಚೂಪಿದ್ದರೆ ಸರಿ. ಸ್ವಲ್ಪ ವ್ಯತ್ಯಾಸ ಇದ್ದರೆ ಫೈನ್ ಟ್ಯೂನ್‌ನಲ್ಲಿ ಹೋಗುತ್ತದೆ. ಫೈನ್ ಟ್ಯೂನ್ ಕೊನೆಯವರೆಗೆ ಎಳೆದರೂ ಸರಿಹೋಗದಿದ್ದರೆ ಬಾಡಿ ಅಥವಾ ಲೆನ್ಸ್ ಬಿದ್ದಿರಬೇಕು. ಅಂಚಿನ ಪಾಯಿಂಟ್‌ಗಳನ್ನೂ ಒಂದೊಂದಾಗಿ ನೋಡಿ.

ಲೆನ್ಸ್‌ನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯ ಎಳೆಗಳಂತೆ ಅಂಚಿನಿಂದ ಹಬ್ಬಿದ್ದರೆ ಫಂಗಸ್. ಕೋಟಿಂಗ್ ತಿಂದಿದ್ದರೆ ತೊಳೆದರೂ ಗುರುತು ಉಳಿಯುತ್ತದೆ. ನಮ್ಮ ಜಿಲ್ಲೆಗಳಲ್ಲಿ ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಈ ಒಂದು ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬೇಡಿ.

ಡಿ7200 ಆದರೆ ಇನ್ನೊಂದು ಮಾತು. ಎಎಫ್-ಪಿ ಲೆನ್ಸ್ ಹಾಕುವ ಮುಂಚೆ ಫರ್ಮ್‌ವೇರ್ (ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ಇನ್ನೂ ಹಳೆಯ ಡಿ90, ಡಿ7000ರಲ್ಲಿ ಎಎಫ್-ಪಿ ಕೆಲಸವನ್ನೇ ಮಾಡುವುದಿಲ್ಲ.

ಗಿರಿಬಿಸಿಲು, ಅರಸೀಕೆರೆ

ಡಿಎಸ್‌ಎಲ್‌ಆರ್ ಕಾಲವೇ ಮುಗಿಯಿತಲ್ಲ, ಈಗ ದುಡ್ಡು ಹಾಕುವುದು ಸರಿಯಾ?

ಮಂಗಟ್ಟೆ, ಸಕಲೇಶಪುರ

ಕ್ಯಾನನ್, ನಿಕಾನ್ ಎರಡೂ ಹೊಸ ಡಿಎಸ್‌ಎಲ್‌ಆರ್ ತಂದದ್ದು 2020ರ ಹೊತ್ತಿಗೆ ಕೊನೆ, ನಿಜ. ಸೆಕೆಂಡ್ ಹ್ಯಾಂಡ್ ಸಿಗುತ್ತಿರುವುದೂ ಅದರಿಂದಲೇ. ಲೆನ್ಸ್ ದುಡ್ಡು ನೀರಿಗೆ ಹೋಗುವುದಿಲ್ಲ. ಕ್ಯಾನನ್ ಇಎಫ್ ಲೆನ್ಸ್ ಅಡಾಪ್ಟರ್ ಮೂಲಕ ಆರ್ ಸರಣಿಯ ಮಿರರ್‌ಲೆಸ್ (ಕನ್ನಡಿ ಇಲ್ಲದ) ಕ್ಯಾಮೆರಾದಲ್ಲಿ ಆಟೋಫೋಕಸ್ ಸಮೇತ ನಡೆಯುತ್ತದೆ. ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲಿ ಎಎಫ್-ಎಸ್ ಲೆನ್ಸ್ ನಡೆಯುತ್ತದೆ, ಹಳೆಯ ಡಿ ಲೆನ್ಸ್‌ಗೆ ಆಟೋಫೋಕಸ್ ಬರುವುದಿಲ್ಲ.

ಕಾಫಿಹೂ ಅವರೇ, ದುಡ್ಡು ಹಂಚುವ ಲೆಕ್ಕ ಹೀಗಿರಲಿ. ಬಾಡಿಗೆ ಅರ್ಧಕ್ಕಿಂತ ಹೆಚ್ಚು ಬೇಡ. ಉಳಿದದ್ದರಲ್ಲಿ ಮೊದಲು 50 ಎಂಎಂ ಎಫ್ 1.8, ಆಮೇಲೆ ಉದ್ದದ ಲೆನ್ಸ್. 80ಡಿ ಆದರೆ 55-250 ಎಸ್‌ಟಿಎಂ, ಕ್ರಾಪ್ (ಚಿಕ್ಕ ಸೆನ್ಸರ್‌ನಿಂದ ಚಿತ್ರ ಹತ್ತಿರವಾಗಿ ಕಾಣುವುದು) ಸೇರಿ 400 ಎಂಎಂನಷ್ಟು ಕಾಣುತ್ತದೆ. ಡಿ7200 ಆದರೆ 70-300, 450ರಷ್ಟು. ಟರ್ನ್‌ಗೆ ಇದು ಸ್ವಲ್ಪ ಕಡಿಮೆಯೇ. 150-600, 200-500 ಲೆನ್ಸ್‌ಗಳು ಎರಡು ಕೆಜಿ ಆಸುಪಾಸು, ಈ ಬಜೆಟ್ಟಿಗೆ ಬೇಡ, ಮುಂದೆ ನೋಡೋಣ.

ಕಾಫಿಹೂ, ಚಿಕ್ಕಮಗಳೂರು

80ಡಿ, 50 ಎಂಎಂ, 55-250, ಒಂದು ಡ್ರೈ ಡಬ್ಬ. ಇದಕ್ಕೇ ಹುಡುಕುತ್ತೇನೆ. ಹಿನ್ನೀರಿನಲ್ಲಿ ದೋಣಿಯಿಂದ ತೆಗೆಯುವಾಗ ಸೆಟ್ಟಿಂಗ್ ಹೇಗಿರಲಿ ಸರ್?

ಮಂಗಟ್ಟೆ, ಸಕಲೇಶಪುರ

ಹಾರುವ ಟರ್ನ್‌ಗೆ ಶಟರ್ 1/2500, ಅಪರ್ಚರ್ ಪೂರ್ತಿ ತೆರೆದು, ಐಎಸ್‌ಒ ಆಟೋ, ಮೇಲ್ಮಿತಿ 3200. ಫೋಕಸ್ ಎಐ ಸರ್ವೋ (ಚಲಿಸುವುದನ್ನು ಹಿಂಬಾಲಿಸುವ ವಿಧಾನ), ಪಾಯಿಂಟ್ ವಲಯದಲ್ಲಿ. ಫೋಕಸನ್ನು ಹಿಂದಿನ ಎಎಫ್-ಆನ್ ಬಟನ್ನಿಗೆ ಕೊಟ್ಟು, ಶಟರ್ ಬಟನ್ನಿನಿಂದ ತೆಗೆದುಹಾಕಿ. ಬಿಳಿ ಹಕ್ಕಿ ಕಪ್ಪು ನೀರಿನ ಮೇಲಿದ್ದರೆ −0.7, ಆಕಾಶದ ಮೇಲಿದ್ದರೆ +1. ದೋಣಿಯ ಅಂಚಿಗೆ ಮೊಣಕೈ ಊರಬೇಡಿ, ಎಂಜಿನ್ ನಡುಕ ನೇರ ಲೆನ್ಸ್‌ಗೆ ಬರುತ್ತದೆ. ಮೊಣಕೈ ಎದೆಗೆ ಒತ್ತಿ ಹಿಡಿಯಿರಿ. ಬೇಸಿಗೆಯಲ್ಲಿ ಅವು ನಡುಗಡ್ಡೆಗಳ ಬರಿನೆಲದ ಮೇಲೆ ಮೊಟ್ಟೆ ಇಡುತ್ತವೆ. ಹಕ್ಕಿಗಳು ಒಟ್ಟಾಗಿ ಎದ್ದು ಕಿರುಚತೊಡಗಿದರೆ ದೋಣಿ ಹತ್ತಿರವಾಯಿತು ಅಂತ ಅರ್ಥ, ಹಿಂದಕ್ಕೆ ತೆಗೆಸಿ. ಅಷ್ಟು ಹೊತ್ತು ಮೊಟ್ಟೆಗಳು ಬಿಸಿಲಿಗೆ ಬೇಯುತ್ತಿರುತ್ತವೆ.